‘ಅದೇ ಗಿಡ ಅದ, ಆಪಾ’

ಮೆಹರ್ ಆಪಾ ಅವರ ಕೆಂಪು ಹೂವಿನ ಗಿಡವನ್ನು ಕೊಂದವಳು ನಾನು. ಕೊಂದದ್ದಷ್ಟೇ ಅಲ್ಲ — ಅದೇ ಕುಂಡದಲ್ಲಿ ಬೇರೊಂದು ಗಿಡ ನೆಟ್ಟು, "ಅದೇ ಗಿಡ ಅದ, ಆಪಾ" ಎಂದು ಅವರ ಮುಖ ನೋಡಿಕೊಂಡೇ ಹೇಳಿದೆ. ಆಮೇಲೆ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಆ ಸುಳ್ಳಿಗೆ ಗಿಡದ ಜೊತೆಗೇ ನೀರು ಹಾಕಿದೆ.

ಇದನ್ನು ಈಗ ಬರೆಯಲು ಒಂದು ಕಾರಣವಿದೆ. ಹೋದ ತಿಂಗಳು ವಾಡಿ ಸ್ಟೇಷನ್ನಿನಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಪಕ್ಕದ ಬೆಂಚಿನ ಹೆಣ್ಣುಮಗಳೊಬ್ಬಳು ತನ್ನ ಜೊತೆಯವಳಿಗೆ ಹೇಳುತ್ತಿದ್ದಳು: "ಶಹಾಬಾದದ ನೀರು ಹ್ಯಾಂಗದ ಅಂತಿ? ಕೆಂಪು ಹೂವಿನ ಗಿಡ ಹಚ್ಚಿದ್ರ ಗುಲಾಬಿ ಬಣ್ಣದ ಹೂ ಬಿಡ್ತದಂತ. ಯಾರೋ ಟೀಚರ್ ಪ್ರಯೋಗಾ ಮಾಡಿ ನೋಡ್ಯಾರಂತ." ನನಗೆ ಚಹಾ ನೆತ್ತಿಗೇರಿ ಕೆಮ್ಮು ಬಂತು. ಆಕೆ ಪಾಪ ನನ್ನ ಬೆನ್ನು ತಟ್ಟಿದಳು. ಅಲ್ಲಿಯೇ ಹೇಳಬೇಕಿತ್ತು — ಗಾಡಿ ಬಂತು, ಆಕೆ ಹೋದಳು. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮೂರ ಬೋರಿನ ನೀರು ಗಡಸು, ಹೌದು. ಪಾತ್ರೆಯ ತಳಕ್ಕೆ ವಾರದೊಳಗೆ ಸುಣ್ಣ ಬಳಿದಂತೆ ಬೆಳ್ಳಗೆ ಕಟ್ಟುತ್ತದೆ, ಅದೂ ಹೌದು. ಆದರೆ ಆ ಹೂವಿನ ಬಣ್ಣ ಬದಲಿಸಿದ್ದು ನೀರಲ್ಲ. ನಾನು.

ಮೆಹರ್ ಆಪಾ ಯಾರೆಂದು ಹೇಳಬೇಕು. ನಾನು ಶಹಾಬಾದಿನ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಾಗ ಅವರು ಅಲ್ಲಿ ವಿಜ್ಞಾನದ ಟೀಚರ್. ನನಗಿಂತ ಏಳೆಂಟು ವರ್ಷ ದೊಡ್ಡವರು, ಅದಕ್ಕೇ ಆಪಾ, ಅಂದರೆ ಅಕ್ಕ. ಹದಿನೆಂಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿದವರು ನಾವು. ಮನೆಗಳೂ ಅಕ್ಕಪಕ್ಕ — ನಡುವೆ ಎದೆಮಟ್ಟದ ಒಂದು ಗೋಡೆ, ನಮ್ಮೂರ ಚಪ್ಪಟೆ ಫರ್ಸಿಕಲ್ಲುಗಳನ್ನು ಅಡ್ಡ ಜೋಡಿಸಿ ಕಟ್ಟಿದ್ದು. ಆ ಗೋಡೆಯ ಮೇಲೆ ಪಲ್ಯದ ಬಟ್ಟಲು, ಶೀರ್ ಖುರ್ಮಾ, ಹೋಳಿಗೆ, ಪತ್ರಿಕೆ, ಬೈಗುಳ — ಎಲ್ಲವೂ ದಾಟಿವೆ. ಅವರ ಯಜಮಾನರು ತೀರಿಕೊಂಡು ಬಹಳ ವರ್ಷ, ಮಗಳು ಬೀದರಿನಲ್ಲಿ. ನಿವೃತ್ತಿಯ ನಂತರ ಆಪಾ ಅವರಿಗೆ ಗಿಡಗಳೇ ತರಗತಿ. ಒಂದೊಂದು ಗಿಡಕ್ಕೂ ಪುಟ ಇಟ್ಟು, ಪೆನ್ಸಿಲಿನಲ್ಲಿ ಚಿತ್ರ ಬರೆದು, ಎಲೆಯ ಅಳತೆ ಗುರುತು ಮಾಡುತ್ತಿದ್ದರು.

ಆ ಗಿಡದ ತುಂಡನ್ನು ಅವರು ಹೈದರಾಬಾದಿನ ತವರುಮನೆಯಿಂದ ತಂದರು. ಅವರ ಅಮ್ಮಿ, ಅಂದರೆ ತಾಯಿ, ಅಂಗಳದ ಮಾವಿನ ಮರದ ಕವಲಿನಲ್ಲಿ ಅದನ್ನು ಕಟ್ಟಿ ಬೆಳೆಸಿದ್ದರಂತೆ. ಆಪಾ ಅವರ ತಮ್ಮ ಆ ಮನೆ ಮಾರಿದ. ಕೊಂಡವರು ಮರ ಕಡಿಸುವ ಮೊದಲು ಆಪಾ ಹೋಗಿ ಒಂದು ತುಂಡು ಕೊಯ್ದುಕೊಂಡು ಬಂದರು. ಅಂಗೈ ಅಗಲದ, ಗೇಣುದ್ದದ, ಅಂಚಿಗೆ ಹಲ್ಲು ಹಲ್ಲಾಗಿ ಕಚ್ಚಿದಂತಿದ್ದ ಒಂದು ದಪ್ಪ ಹಸಿರು ಪಟ್ಟಿ. ಅದನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿ ಇಟ್ಟುಬಿಟ್ಟರು. ನಾಲ್ಕು ದಿನವಾದರೂ ನೆಡಲಿಲ್ಲ. ನಾನು ನೆನಪಿಸಿದೆ.

"ಆಪಾ, ಎಲಿ ಬಾಡ್ಲಿಕತ್ತದರಿ. ಮರ್ತೀರೇನು?"

"ಮರ್ತಿಲ್ಲವಾ. ಕೊಯ್ದ ಗಾಯ ಒಣಗಬೇಕು. ಹಸಿ ಗಾಯಾ ಇಟ್ಟು ಮಣ್ಣಿಗೆ ಹಾಕಿದ್ರ ಕೊಳೀತದ. ಮತ್ತ, ಇದು ಎಲಿ ಅಲ್ಲ. ಕಾಂಡ. ಇದಕ್ಕ ಎಲಿನೇ ಇಲ್ಲ."

ಹಾಗೆ ಶುರುವಾಯಿತು ನನ್ನ ಪಾಠ. ಅದು ಕಳ್ಳಿಯ ಜಾತಿ — ಆದರೆ ಮರಳುಗಾಡಿನದಲ್ಲ. ದೂರದ ಮಳೆಕಾಡುಗಳಲ್ಲಿ ಮರದ ಕೊಂಬೆಗಳ ಮೇಲೆ ಕೂತು ಬದುಕುವಂಥದ್ದು. ಬ್ರಹ್ಮಕಮಲದ ಬಳಗ, ಆದರೆ ರಾತ್ರಿ ಕದ್ದು ಅರಳಿ ಬೆಳಗಾಗುವಷ್ಟರಲ್ಲಿ ಬಾಡುವುದಿಲ್ಲ. ಹಗಲಿಗೇ ಅರಳಿ ಎರಡು ಮೂರು ದಿನ ನಿಲ್ಲುತ್ತದೆ. ಇಂಗ್ಲಿಷಿನವರು ಆರ್ಕಿಡ್ ಕಳ್ಳಿ ಅನ್ನುತ್ತಾರೆ, ಆರ್ಕಿಡ್ ಮಾತ್ರ ಅಲ್ಲ. ಮರದಿಂದ ಒಂದು ಹನಿ ರಸವನ್ನೂ ಕದಿಯುವುದಿಲ್ಲ. ಕೂರಲು ಜಾಗ ಕೊಟ್ಟರೆ ಸಾಕು, ಮಳೆಯ ನೀರು, ಉದುರಿದ ಎಲೆಯ ಪುಡಿ, ಗಾಳಿ — ಅದರಲ್ಲೇ ಸಂಸಾರ. "ನಮ್ಮ ಸ್ಟಾಫ್ ರೂಮಿನಾಗ ಇಂಥವರು ಒಬ್ಬರರೇ ಇದ್ರೇನು ಹೇಳು?" ಎಂದು ಆಪಾ ನಕ್ಕರು. "ಜಾಗಾ ಹಿಡದು, ಯಾರಿಗೂ ತ್ರಾಸ ಕೊಡಲಾರದವರು?"

ಎಂಟನೆಯ ದಿನ ನೆಟ್ಟರು. ಏತರಲ್ಲಿ? ತೆಂಗಿನ ನಾರು, ಇದ್ದಲಿ ಚೂರು, ಇಟ್ಟಂಗಿ ಚೂರು, ಬೇವಿನ ಒಣ ತರಗು. ಮಣ್ಣು ಅನ್ನುವಂಥದ್ದು ಒಂದು ಹಿಡಿಯೂ ಇಲ್ಲ. ನಾನು ಆಡಕಿ ಎಂಬ ಹಳ್ಳಿಯ ಒಕ್ಕಲುತನದವರ ಮಗಳು. ಎರೆಮಣ್ಣಿನಲ್ಲಿ ಆಡಿ ಬೆಳೆದವಳು. ಆ ಕುಂಡ ನೋಡಿ ನನಗೆ ಒಳಗೊಳಗೇ ನಗು. ಕಸದ ಬುಟ್ಟಿಯಲ್ಲಿ ಗಿಡ ನೆಟ್ಟಂತಿತ್ತು.

ಆ ನಗುವೇ — ಈಗ ತಿಳಿಯುತ್ತದೆ — ತಪ್ಪಿನ ಮೊದಲು.

ಮೂರು ವರ್ಷದ ಹಿಂದೆ, ಮೇ ತಿಂಗಳ ಕೊನೆಗೆ, ಆಪಾ ತಮ್ಮನ ಜೊತೆ ಹಜ್‌ಗೆ ಹೊರಟರು. ಹೊರಡುವ ಮೊದಲು ಓಣಿಯ ಮನೆಮನೆಗೂ ಹೋಗಿ, ಅವರ ಪದ್ಧತಿಯಂತೆ, "ಏನರೇ ಅಂದಿದ್ರ, ಆಡಿದ್ರ, ಮಾಫ್ ಮಾಡ್ರಿ" ಎಂದು ಕೇಳಿಕೊಂಡರು. ನನ್ನ ಕೈ ಹಿಡಿದೂ ಕೇಳಿದರು. "ನೀವು ನನಗ ಏನ್ ಮಾಡೀರಿ ಆಪಾ, ಮಾಫ್ ಮಾಡ್ಲಿಕ್ಕ!" ಎಂದು ನಾನು ಅತ್ತೆ. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಮನೆಯ ಕೀಲಿ ನನ್ನ ಕೈಯಲ್ಲಿಟ್ಟರು.

"ಬಾಕಿ ಗಿಡಕ್ಕ ನಿನ್ನ ಮನಸ್ಸಿಗೆ ಬಂದಂಗ ನೀರು ಹಾಕು. ಅಮ್ಮಿದಕ್ಕ ಮಾತ್ರ — ಬೆರಳ ಇಳಿಸಿ ನೋಡು. ಒಣಗಿದ್ರ ಒಂದು ಲೋಟ. ಹಸಿ ಇದ್ರ ಕೈ ಕಟ್ಟಿಕೊಂಡು ಮನಿಗೆ ಹೋಗು. ತಿಳೀತೇನು?"

"ತಿಳೀತ್ರಿ."

ತಿಳಿದಿರಲಿಲ್ಲ. ನಮ್ಮ ಕಡೆಯ ಮೇ ಬಿಸಿಲು ಗೊತ್ತಲ್ಲ — ಫರ್ಸಿಯ ಅಂಗಳದ ಮೇಲೆ ಬರಿಗಾಲಿಟ್ಟರೆ ಕುಣಿಯಬೇಕು. ಆ ಒಂಟಿ ಪಟ್ಟಿ ಬಿಸಿಲಿಗೆ ಸ್ವಲ್ಪ ಸುಕ್ಕಾಗಿತ್ತು. ನನಗೆ ಕರುಳು ಚುರ್ ಎಂದಿತು. ಬೆರಳು ಇಳಿಸಿ ನೋಡಿದೆ, ಹಸಿಯೇ ಇತ್ತು. ಆದರೂ ಒಂದು ತಂಬಿಗೆ ಸುರಿದೆ. ಮರುದಿನ ಇನ್ನೊಂದು. ಆ ಹೊತ್ತಿಗೆ ಆಡಕಿಯಿಂದ ನನ್ನ ತಮ್ಮ ಬಂದವನು ತರಕಾರಿ ಮಡಿಗೆಂದು ಒಂದು ಚೀಲ ಎರೆಮಣ್ಣು, ಅರ್ಧ ಚೀಲ ತಿಪ್ಪೆಗೊಬ್ಬರ ಇಳಿಸಿ ಹೋದ. ನನ್ನ ತಲೆಯಲ್ಲಿ ಒಂದು ಘನವಾದ ವಿಚಾರ ಹೊಳೆಯಿತು. ಆಪಾ ಪುಸ್ತಕ ಓದಿದವರು, ನಾನು ಹೊಲ ಕಂಡವಳು. ಅವರು ಬರುವಷ್ಟರಲ್ಲಿ ಈ ಬಡಪಾಯಿಯನ್ನು ಪೊದೆ ಮಾಡಿ ತೋರಿಸುತ್ತೇನೆ! ನಾರು, ಇದ್ದಲಿ ಎಲ್ಲ ಬೋರಲು ಹಾಕಿ ಹಿತ್ತಲ ಮೂಲೆಗೆಸೆದೆ. ಕುಂಡದ ತುಂಬ ಎರೆಮಣ್ಣು, ಗೊಬ್ಬರ ತುಂಬಿ, ಒತ್ತಿ, ಗಿಡ ಕೂರಿಸಿ, ದಿನಕ್ಕೆರಡು ಸಲ ನೀರು.

ಹತ್ತು ದಿನಕ್ಕೆ ಬುಡ ಹಳದಿಯಾಯಿತು. ಹನ್ನೆರಡನೆಯ ದಿನ ಮುಟ್ಟಿದರೆ ಬೆಂದ ಬದನೆಕಾಯಿ. ಎತ್ತಲು ಹೋದೆ, ಮೇಲಿನದು ಕೈಗೆ ಬಂತು, ಕೆಳಗಿನದು ಮಣ್ಣಿನಲ್ಲೇ ಉಳಿಯಿತು. ಆಗಲಾದರೂ ತುದಿಯ ಎರಡು ಬೆರಳು ಹಸಿರು ಉಳಿದಿತ್ತು. ಅದನ್ನು ಕೊಯ್ದು, ಒಣಗಿಸಿ, ನಾರಿನಲ್ಲಿ ಇಟ್ಟಿದ್ದರೆ ಬದುಕುತ್ತಿತ್ತು — ಕೊಳೆತ ಗಿಡದ ತುದಿಯೂ ಚಿಗುರುತ್ತದೆಂದು ನನಗೆ ಎರಡು ವರ್ಷದ ಮೇಲೆ ತಿಳಿಯಿತು, ಅದೂ ಆಪಾ ಕಲಿಸಿಯೇ. ಅವತ್ತು ಮಾತ್ರ, ಯಾರಾದರೂ ನೋಡುತ್ತಾರೆಂಬ ಹೆದರಿಕೆಯಲ್ಲಿ, ಆ ಹಸಿರು ತುದಿಯನ್ನೂ ಸೇರಿಸಿ ಕಾಗದದಲ್ಲಿ ಸುತ್ತಿ ಚರಂಡಿಯಾಚೆ ಒಗೆದೆ.

ಒಂದು ಫೋನು ಮಾಡಿ ಹೇಳಬಹುದಿತ್ತು. ಹಜ್‌ಗೆ ಹೋದವರಿಗೆ ಇಂಥ ಸುದ್ದಿ ಯಾಕೆ ಎಂದುಕೊಂಡೆ. ಅದು ನೆಪ. ನಿಜ ಇಷ್ಟೇ — ಹದಿನೆಂಟು ವರ್ಷದಲ್ಲಿ ಆಪಾ ನನ್ನನ್ನು ಒಮ್ಮೆಯೂ ದಡ್ಡಿ ಎಂದವರಲ್ಲ. ಆ ಒಂದು ದಿನವೂ ಅನ್ನಿಸಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಚಿಂಚೋಳಿಯಲ್ಲಿ ನನ್ನ ಸೋದರತ್ತೆ ಇದ್ದಾಳೆ. ಅವಳ ಬಚ್ಚಲ ಹಿಂದೆ, ನುಗ್ಗೆ ಮರಕ್ಕೆ ತೂಗುಹಾಕಿದ ಒಡಕು ಕೊಡದಲ್ಲಿ, ಇಂಥದೇ ಗಿಡವೊಂದು ಜೋತು ಬಿದ್ದಿದ್ದು ನೆನಪಾಯಿತು. ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಅತ್ತೆ ಖುಷಿಯಿಂದ ಕುಡುಗೋಲು ತಂದಳು.

"ಎಷ್ಟು ಬೇಕು ಒಯ್ಯಿ. ಯಾವಾಗೋ ದವಾಖಾನಿ ನರ್ಸಮ್ಮ ಕೊಟ್ಟಿದ್ಲು."

"ಹೂವು ಯಾವ ಬಣ್ಣ, ಅತ್ತಿ?" ಎಂದು ಕೇಳಿದೆ. ಕೇಳಿದೆ — ಇದನ್ನು ಮುಚ್ಚಿಡುವುದಿಲ್ಲ.

"ತಿಳಿ ಗುಲಾಬಿ. ಎಳೀ ಕೂಸಿನ ಅಂಗಾಲು ಇದ್ದಂಗ."

ಗೊತ್ತಿದ್ದೂ ತಂದೆ. ಹೂ ಬಿಡುವವರೆಗೆ ಯಾರು ಕಂಡಾರು. ಶಹಾಬಾದಿನ ಬಿಸಿಲಿಗೆ ಹೂ ಬಿಟ್ಟೀತೇ? ಹಿತ್ತಲ ಮೂಲೆಯಲ್ಲಿ ಕೂತು ಎಸೆದಿದ್ದ ಇದ್ದಲಿ ಚೂರು, ಇಟ್ಟಂಗಿ ಚೂರು ಒಂದೊಂದಾಗಿ ಆರಿಸಿ, ಕುಂಡ ತೊಳೆದು, ಮತ್ತೆ ಹಾಗೆಯೇ ತುಂಬಿದೆ. ಬಸ್ಸಿನಲ್ಲಿ ಬಾಡಿದ ತುಂಡನ್ನು ಒಂದು ವಾರ ಗೂಡಿನಲ್ಲಿಟ್ಟು ಒಣಗಿಸಿದೆ. ನೆಟ್ಟ ಮೇಲೆ ಬೆರಳು ಇಳಿಸಿ ನೋಡಿಯೇ ನೀರು. ಕದ್ದ ಮಾಲಿಗೆ ಎಂಥ ಶಿಸ್ತು ನೋಡಿ! ನಮ್ಮ ಮನೆಯವರು ಇದೆಲ್ಲ ನೋಡುತ್ತ ಕಟ್ಟೆಯ ಮೇಲೆ ಕೂತಿದ್ದರು. ಅವರು ಖಣಿಯಲ್ಲಿ ಕಲ್ಲು ಎಣಿಸಿ ನಿವೃತ್ತರಾದವರು, ಮಾತು ಕಡಿಮೆ. "ನೋಡು, ಒಂದಿನ ಇದು ಬಾಯಿ ತಗೀತದ," ಎಂದಷ್ಟೇ ಹೇಳಿ ಒಳಗೆ ಹೋದರು.

ಆಪಾ ಬಂದರು. ಖರ್ಜೂರ, ಮೆಕ್ಕಾದ ಪವಿತ್ರ ಜಮ್‌ಜಮ್ ನೀರು, ನನಗೊಂದು ಹಸಿರು ಶಾಲು. ಎಲ್ಲ ಕೊಟ್ಟು, ನೆಟ್ಟಗೆ ಅಂಗಳದ ಬೇವಿನ ಮರದ ಕೆಳಗಿನ ಕುಂಡದ ಹತ್ತಿರ ಹೋದರು. ಬಗ್ಗಿ ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಬೆರಳಿನಿಂದ ಅಂಚು ಸವರಿದರು.

"ಜಗದೇವಿ, ಇದು ಸ್ವಲ್ಪ ತೆಳ್ಳಗ ಆಗ್ಯದಲಾ? ಹಲ್ಲೂ ಬ್ಯಾರೆ ಕಾಣ್ತಾವ."

ಆಗ ಹೇಳಿದೆ ಆ ಮಾತು. "ಅದೇ ಗಿಡ ಅದ, ಆಪಾ."

ಅವರು ನನ್ನ ಮುಖ ನೋಡಿದರು. ಆಮೇಲೆ ನಕ್ಕು, "ಬಿಸಲು ಭಾಳ ಇತ್ತು, ಸೊರಗ್ಯದ ಕಾಣ್ತದ. ನೀ ಉಳಿಸೀದಿ, ಅದೇ ದೊಡ್ಡದು," ಎಂದು ನನ್ನ ತಲೆ ಸವರಿದರು. ಮೆಕ್ಕಾದಿಂದ ಬಂದ ಕೈ. ನಾನು ತಲೆ ಬಗ್ಗಿಸಿ ನಿಂತೆ, ವಿನಯ ಅಂದುಕೊಂಡಿರಬೇಕು.

ಅದಾದ ಮೇಲಿನ ಎರಡು ವರ್ಷ — ಹೇಳಿದರೆ ನಂಬುವುದಿಲ್ಲ — ನನ್ನ ಬದುಕಿನ ಚೆಂದದ ವರ್ಷಗಳು. ತಪ್ಪಿತಸ್ಥಳ ಶ್ರದ್ಧೆ ದೊಡ್ಡದು. ನಾನು ದಿನಾ ಗೋಡೆ ಬಳಸಿ ಹೋಗಿ ಆ ಗಿಡದ ಸೇವೆಗೆ ನಿಂತೆ. ಬೆಳಗಿನ ಎಳೆಬಿಸಿಲು ಬೇಕು, ಮಧ್ಯಾಹ್ನದ್ದು ಸಲ್ಲ. ತೀರ ನೆರಳಾದರೆ ಮೈ ಬೆಳೆಸುತ್ತದೆ, ಹೂ ಬಿಡುವುದಿಲ್ಲ. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ ಸ್ವಲ್ಪ ಉಪವಾಸ ಕೆಡವಬೇಕು. ಆಗಲೇ ಮೊಗ್ಗಿನ ಯೋಚನೆ ಅದಕ್ಕೆ ಬರುವುದು. ಹಳೇ ಪಟ್ಟಿ ಕಂದಾಗಿ ಒರಟಾಯಿತೆಂದು ಕೊಯ್ಯಬಾರದು. ಹೂವು ಬರುವುದು ಆ ಹಲ್ಲುಗಳ ಸಂದಿನಿಂದಲೇ. ಮೊಗ್ಗು ಕಂಡ ಮೇಲೆ ಕುಂಡದ ಮುಖ ತಿರುಗಿಸಬಾರದು. ಇದನ್ನು ಕಲಿತದ್ದು ಮೊದಲ ಮೊಗ್ಗು ಕಳೆದುಕೊಂಡು — ಚೆನ್ನಾಗಿ ಕಾಣಲೆಂದು ಆಪಾ ಅವರೇ ಕುಂಡ ತಿರುಗಿಸಿದರು, ಮೂರನೇ ದಿನ ಮೊಗ್ಗು ನೆಲದ ಮೇಲೆ. "ನನ್ನ ಕೈಯಿಂದನೇ ಹೋಯ್ತು!" ಎಂದು ಅವರು ಹಣೆ ಬಡಿದುಕೊಂಡು ನಕ್ಕರು. ತಪ್ಪು ಮಾಡಿ ಅಷ್ಟು ಸುಲಭವಾಗಿ ನಗುವವರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಹೋದ ವರ್ಷ ಮಾರ್ಚಿನಲ್ಲಿ ಗಿಡ ಅರಳಿತು. ಒಂದಲ್ಲ, ಏಳು ಹೂವು. ಬೆಳಗಿನ ಚಹಾ ಹೊತ್ತು. ಆಪಾ ಗೋಡೆಯಾಚೆಯಿಂದ ಕೂಗಿದ ಕೂಗಿಗೆ ನಮ್ಮ ಮನೆಯವರು ಅರ್ಧ ಗಡ್ಡ ಹೆರೆದ ಮುಖದಲ್ಲೇ ಓಡಿ ಬಂದರು. ತಿಳಿ ಗುಲಾಬಿ. ಕೂಸಿನ ಅಂಗಾಲು.  ಆಪಾ ಕುಂಡದ ಮುಂದೆ ಬಗ್ಗಿದರು. ಆಮೇಲೆ ಒಂದು ಹೂವಿನ ಗಲ್ಲ ಮುಟ್ಟಿ ಮೆಲ್ಲಗೆ ಹೇಳಿದರು:

"ಅಮ್ಮೀ... ನಿನ್ನ ಹೂ ಕೆಂಪಗ ಕೆಂಡ ಇದ್ದಂಗ ಇತ್ತಲ್ಲ. ನಮ್ಮೂರಿಗೆ ಬಂದು ಇದಕ್ಕೂ ವಯಸ್ಸಾಯ್ತು ನೋಡು."

ಆ ಕ್ಷಣ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವರ ಕಣ್ಣು ಮಿಂಚಿತು. ಹದಿನೆಂಟು ವರ್ಷ ತರಗತಿಯಲ್ಲಿ ಕಂಡ ಅದೇ ಮಿಂಚು. "ನೀರು, ಜಗದೇವಿ! ನಮ್ಮ ಸುಣ್ಣದ ನೀರು! ಕೆಲವು ಹೂವಿನ ಬಣ್ಣ ಮಣ್ಣಿನ ಗುಣದ ಮ್ಯಾಲೆ ಬದಲಾಗ್ತದ, ಓದೀನಿ. ಇದೂ ಹಂಗೇ ಯಾಕಿರಬಾರದು?"

ಮರುವಾರವೇ ಪ್ರಯೋಗ ಶುರು. ಆ ಗಿಡದಿಂದ ಎರಡು ತುಂಡು, ಎರಡು ಕುಂಡ. ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ಮಳೆನೀರು. ಮಳೆಗಾಲ ಶುರುವಾಗುತ್ತಲೇ ಮಾಳಿಗೆಯ ಮೇಲೆ ಡ್ರಮ್ ಇಟ್ಟರು. ಅರವತ್ತೇಳು ವರ್ಷದ, ಮೊಣಕಾಲು ನೋವಿನ ಹೆಣ್ಣುಮಗಳು, ಒಂದು ಕೈಯಲ್ಲಿ ಗೋಡೆ ಹಿಡಿದು ಇನ್ನೊಂದರಲ್ಲಿ ಮಳೆನೀರಿನ ತಂಬಿಗೆ ಹಿಡಿದು ಮೆಟ್ಟಿಲಿಳಿಯುವುದನ್ನು ನಾನು ಗೋಡೆಯಾಚೆಯಿಂದ ನೋಡುತ್ತಿದ್ದೆ. ಓಡಿ ಹೋಗಿ ತಂಬಿಗೆ ಇಸಿದುಕೊಳ್ಳುತ್ತಿದ್ದೆ. "ನೀ ಇದ್ದಿ ಅಂತ ಇದೆಲ್ಲಾ ಆಗ್ಲಿಕತ್ತದ," ಅನ್ನುತ್ತಿದ್ದರು. ನಿಜವೇ. ನಾನಿದ್ದೆನೆಂದೇ ಇದೆಲ್ಲ ಆಗುತ್ತಿತ್ತು.

ಆ ಎರಡು ತುಂಡು ಹೂ ಬಿಡುವ ಮೊದಲೇ ಸುದ್ದಿ ಹಬ್ಬಿತು. ಹಳೇ ವಿದ್ಯಾರ್ಥಿಗಳು ಬಂದು ಫೋಟೋ ತೆಗೆದರು. ಈ ವರ್ಷ ಫೆಬ್ರವರಿ ಕೊನೆಗೆ, ಸೇಡಂನ ಶಾಲೆಯೊಂದು ವಿಜ್ಞಾನ ದಿನಕ್ಕೆ ಆಪಾ ಅವರನ್ನು ಮಾತಾಡಲು ಕರೆಯಿತು. ಜೊತೆಗೆ ನಾನು. ಶಹಾಬಾದಿನಿಂದ ವಾಡಿಗೆ ಬಂದು ಗಾಡಿ ಬದಲಿಸಬೇಕು. ಸೇಡಂ ಗಾಡಿಗೆ ಅರ್ಧ ಗಂಟೆ ತಡವೆಂದು ಬೆಂಚಿನ ಮೇಲೆ ಕೂತೆವು. ಆಪಾ ಮಡಿಲಲ್ಲಿದ್ದ ಸುರುಳಿ ಬಿಚ್ಚಿ ತೋರಿಸಿದರು — ದೊಡ್ಡ ಬಿಳಿ ಹಾಳೆ, ಎರಡು ಕುಂಡದ ಬಣ್ಣದ ಚಿತ್ರ, ಮೇಲೆ ದುಂಡು ಅಕ್ಷರ: ‘ನಮ್ಮ ನೀರು, ನಮ್ಮ ಹೂವು’. ಕೆಳಗಿನ ಮೂಲೆಗೆ ಬೆರಳಿಟ್ಟರು.

"ಇಲ್ಲಿ ನೋಡು."

‘ಸಹಾಯ: ಶ್ರೀಮತಿ ಜಗದೇವಿ, ಕನ್ನಡ ಶಿಕ್ಷಕಿ’ ಎಂದಿತ್ತು.

ನಾನು ಹೇಳಿಬಿಟ್ಟೆ. ಧೈರ್ಯವೇನಲ್ಲ — ನನ್ನ ಹೆಸರನ್ನು ಅಷ್ಟು ಚೆಂದದ ಅಕ್ಷರದಲ್ಲಿ, ಅಂಥ ಜಾಗದಲ್ಲಿ ನೋಡಲಾಗಲಿಲ್ಲ. ಎರೆಮಣ್ಣು, ತಿಪ್ಪೆಗೊಬ್ಬರ, ಚರಂಡಿ, ಚಿಂಚೋಳಿ, ಎಲ್ಲ ಒಂದೇ ಉಸಿರಿಗೆ. ಆಪಾ ಹಾಳೆಯನ್ನು ನಿಧಾನವಾಗಿ ಸುತ್ತಿದರು. ರಬ್ಬರ್ ಹಾಕಿದರು.

"ಅದರ ಹೂ ಗುಲಾಬಿ ಅಂತ ಗೊತ್ತಿತ್ತೇನು ನಿನಗ?"

"ಗೊತ್ತಿತ್ರಿ."

"ನಾ ಮಳಿನೀರು ಹೊರಾಗಲೂ?"

 ಗಾಡಿ ಬಂತು. ಹತ್ತಿದೆವು. ಚಿತ್ತಾಪುರ ಬರುವವರೆಗೂ ಅವರು ಕಿಟಕಿಯಾಚೆ ನೋಡುತ್ತ ಕೂತಿದ್ದರು. ಚಿತ್ತಾಪುರ ದಾಟಿದ ಮೇಲೆ, ನನ್ನ ಕಡೆ ತಿರುಗದೆಯೇ ಹೇಳಿದರು:

"ಗಿಡ ಸತ್ತದ್ದು ತಪ್ಪಲ್ಲ, ಜಗದೇವಿ. ಎಲ್ಲಾರ ಕೈಯಾಗೂ ಸಾಯ್ತಾವ. ಆದ್ರ ಅವತ್ತು ನನ್ನ ಕಣ್ಣು ಖರೇ ಹೇಳಿದ್ವು — ತೆಳ್ಳಗದ, ಹಲ್ಲು ಬ್ಯಾರೆ ಅಂತ. ನಾ ನನ್ನ ಕಣ್ಣ ಬಿಟ್ಟು ನಿನ್ನ ಮಾತು ನಂಬಿದೆ. ಇನ್ನ ಮ್ಯಾಲೆ ಯಾವುದು ನಂಬಲಿ?"



ಅವರು ಅರ್ಧದಾರಿಯಿಂದ ಹಿಂದಿರುಗುತ್ತಾರೆ ಎಂದುಕೊಂಡಿದ್ದೆ. ಇಲ್ಲ. ಸೇಡಂನ ಆ ಶಾಲೆಯ ಅಂಗಳದಲ್ಲಿ ನೂರಾರು ಮಕ್ಕಳು ಕೂತಿದ್ದರು. ಆಪಾ ಹಾಳೆ ಬಿಚ್ಚಿ ಗೋಡೆಗೆ ತೂಗುಹಾಕಿಸಿದರು. ನೀರು ಕುಡಿದರು. "ಮಕ್ಕಳ, ಈ ಚಿತ್ರ ಚಂದ ಅದ ಇಲ್ಲೋ?" ಎಂದರು. "ಚಂದ ಅದರೀ!" ಎಂದು ಮಕ್ಕಳು ಕೂಗಿದವು. "ಚಂದ ಅದ. ಆದ್ರ ಸುಳ್ಳದ. ಎರಡು ತಾಸಿನ ಹಿಂದ ನನಗ ಗೊತ್ತಾಯ್ತು."

 ಆಪಾ ಎಲ್ಲ ಹೇಳಿದರು — ನನ್ನ ಹೆಸರೊಂದು ಬಿಟ್ಟು. ಎರಡು ಕುಂಡ ಇಟ್ಟದ್ದು, ನೀರು ಅಳೆದದ್ದು, ದಿನಾ ಬರೆದಿಟ್ಟದ್ದು; ಎಲ್ಲ ಸರಿ ಮಾಡಿಯೂ ಮೊಟ್ಟಮೊದಲ ಪ್ರಶ್ನೆ ಕೇಳದೆ ಹೋದದ್ದು. "ಇದು ಅದೇ ಗಿಡ ಹೌದೋ ಅಲ್ಲೋ — ಇದನ್ನ ನಾ ಪರೀಕ್ಷಾ ಮಾಡಲಿಲ್ಲ. ಯಾಕಂದ್ರ ಹೇಳಿದವರು ನನ್ನವರಿದ್ರು."

ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಮೇಡಂ, ಗಿಡ ಬದಲಿ ಮಾಡಿದವರು ಯಾರ್ರಿ?"

ಆಪಾ ಹಾಳೆಯ ಕಡೆ ತಿರುಗಿದರು. ನನ್ನ ಕಡೆ ನೋಡಲೂ ಇಲ್ಲ. ನಾನು ಹಿಂದಿನ ಕುರ್ಚಿಯಿಂದ ಎದ್ದೆ. ಮೂವತ್ತು ವರ್ಷ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿದವಳು, ಅವತ್ತು ನಾನೇ ಎದ್ದು ನಿಂತು, "ನಾನು," ಎಂದೆ.  ಆಮೇಲೆ ಅದೇ ಹುಡುಗಿ, ಬಲು ಕಾಳಜಿಯಿಂದ, "ಮೇಡಂ ನಿಮಗ ಹೊಡೆದ್ರೇನ್ರಿ?" ಎಂದಳು. ಇಡೀ ಅಂಗಳ ಗೊಳ್ಳೆಂದಿತು. ಹೆಡ್ ಮಾಸ್ತರು ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು. ಆಪಾ ಅವರ ತುಟಿಯ ಅಂಚು ಕೂಡ ಒಮ್ಮೆ ನಡುಗಿತು — ಆದರೆ ತಡೆದುಕೊಂಡರು.

ವಾಪಸು ಗಾಡಿಯಲ್ಲಿ ಒಂದೇ ಪೊಟ್ಟಣ ಶೇಂಗಾ ಕೊಂಡು, ಒಬ್ಬರೇ ಕೂತು, ಪೂರಾ ತಿಂದರು. ಹದಿನೆಂಟು ವರ್ಷ ಡಬ್ಬಿ ಹಂಚಿಕೊಂಡವರು ಶೇಂಗಾ ಕೊಡಲಿಲ್ಲವೆಂದರೆ ಅದು ಎಂಥ ಶಿಕ್ಷೆ ಎಂದು ನಮ್ಮಿಬ್ಬರಿಗೇ ಗೊತ್ತು.

ಹನ್ನೊಂದು ದಿನ ಗೋಡೆಯ ಮೇಲೆ ಏನೂ ದಾಟಲಿಲ್ಲ. ಹನ್ನೆರಡನೇ ದಿನ ಆಚೆಯಿಂದ ದನಿ: "ಜಗದೇವಿ, ಡ್ರಮ್ಮಿನ ಮಳಿನೀರಿನಾಗ ಸೊಳ್ಳಿ ಹುಳಾ ಆಗ್ಯಾವ. ಬಾ, ಖಾಲಿ ಮಾಡೂನು." ಓಡಿದೆ. ಚಪ್ಪಲಿ ಮರೆತು ಓಡಿದೆ. ಇಬ್ಬರೂ ಸೇರಿ ಡ್ರಮ್ ಬಗ್ಗಿಸಿದೆವು. ಉಳಿದ ಮಳೆನೀರೆಲ್ಲ ಬೇವಿನ ಬುಡಕ್ಕೆ ಹೋಯಿತು. ಕೆಳಗೆ ಗುಲಾಬಿ ಬಣ್ಣದ ಹೂವಿನ ಆ ಕಳ್ಳಿ ಈ ಸಲ ಮೈತುಂಬ ಮೊಗ್ಗಿಟ್ಟಿತ್ತು. ನಾನು ಅದರ ಕಡೆ ನೋಡಲು ನಾಚಿ ಮುಖ ತಿರುಗಿಸಿದೆ.

"ಅದರ ಮ್ಯಾಲೆ ಯಾಕ ಸಿಟ್ಟು?" ಎಂದರು ಆಪಾ. "ಅದಕ್ಕೇನು ಗೊತ್ತು ಪಾಪ, ತಾನು ಯಾರ ಬದಲಿಗೆ ಬಂದೀನಂತ?" ಅವತ್ತೇ ಅದಕ್ಕೊಂದು ಚೀಟಿ ಕಟ್ಟಿದರು: ‘ಚಿಂಚೋಳಿ’.

ಹೈದರಾಬಾದಿನ ನರ್ಸರಿಯಿಂದ ಕೆಂಪು ಹೂವಿನದೊಂದು ತರಿಸಿಕೊಡುತ್ತೇನೆ ಎಂದೆ. "ತರಿಸು. ಚಂದ ಇರ್ತದ," ಎಂದರು. ಚೀಟಿಯ ದಾರ ಬಿಗಿದು, "ಆದ್ರ ಅದಕ್ಕ ಅಮ್ಮಿದು ಅನ್ನಬ್ಯಾಡ," ಎಂದರು. ಆಮೇಲೆ ನಾನು ತರಿಸಲಿಲ್ಲ.

ನಾವು ಮತ್ತೆ ನಗುತ್ತೇವೆ. ಗೋಡೆಯ ಮೇಲೆ ಮತ್ತೆ ಬಟ್ಟಲು ದಾಟುತ್ತವೆ. ಸೇಡಂ ಹುಡುಗಿಯ ಮಾತು ಆಪಾ ಅವರಿಗೆ ಈಗ ಬಾಯಿಪಾಠ. ಬಂದವರಿಗೆಲ್ಲ ಹೇಳಿ ನಗಿಸುತ್ತಾರೆ, "ಇನ್ನೂ ಹೊಡದಿಲ್ಲ, ಬಾಕಿ ಅದ" ಎಂದು ನನ್ನ ಕಡೆ ಕೈ ಎತ್ತುತ್ತಾರೆ. ಎಲ್ಲ ಮೊದಲಿನಂತೆಯೇ — ಎನ್ನಲಾರೆ. ಹೋದ ವಾರ ಅವರು ಬೀದರಿಗೆ ಮಗಳ ಮನೆಗೆ ಹೋದರು. ಕೀಲಿ ಎದುರುಮನೆಯ ಕಿರಾಣಿ ಅಂಗಡಿಯ ಶಾಂತಮ್ಮನ ಕೈಗೆ ಕೊಟ್ಟರು. ನನ್ನ ಮುಂದೆಯೇ, ಮುಚ್ಚುಮರೆಯಿಲ್ಲದೆ ಕೊಟ್ಟರು. ನಾನು ಅದನ್ನು ನೋಡುತ್ತ ನಿಂತೆ, ನೋಡಬೇಕಾದದ್ದೇ.

ಅವರು ಹೋದ ಮರುದಿನದಿಂದಲೇ ಗೋಡೆಯಾಚೆ ಶಾಂತಮ್ಮ ದಿನಾ ಬಕೆಟ್ ಹಿಡಿದು ಬರುವುದು ಕಂಡಿತು. ಬಿಸಿಲಿಗೆ ಗಿಡಗಳ ಮೇಲೆ ಆಕೆಗೂ ಕರುಳು ಚುರ್ ಎಂದಿರಬೇಕು. ಮೂರನೇ ದಿನ ನನಗೆ ತಡೆಯಲಾಗಲಿಲ್ಲ. ಹೋಗಿ ಹೇಳಿದೆ:

"ಶಾಂತಮ್ಮ, ಈ ಚಿಂಚೋಳಿ ಗಿಡಕ್ಕ ದಿನಾ ನೀರು ಹಾಕಬ್ಯಾಡ್ರಿ. ನಾ ಹಿಂಗೇ ಒಂದು ಕೊಂದೀನಿ."

"ನೀವಾ?" ಎಂದಳಾಕೆ, ನಂಬದೆ. ಆಕೆ ನನ್ನನ್ನು ಈ ಓಣಿಯ ದೊಡ್ಡ ಗಿಡಬಲ್ಲವಳೆಂದು ತಿಳಿದಿದ್ದಳು. ಕಟ್ಟೆಯ ಮೇಲೆ ಕೂತು ಆಕೆಗೆ ಎಲ್ಲ ಹೇಳಿದೆ, ವಾಡಿಯ ಬೆಂಚಿನ ತನಕ. ಆಮೇಲೆ ಇಬ್ಬರೂ ಬಗ್ಗಿ ನೋಡಿದೆವು. ಒಂದು ಪಟ್ಟಿಯ ಬುಡ ಹಳದಿಯಾಗಿತ್ತು. ಅಲ್ಲಿಂದಲೇ ಬೀದರಿಗೆ ಫೋನು ಮಾಡಿದೆ.

"ಆಪಾ, ಒಂದು ಪಟ್ಟಿ ಕೊಳೀಲಿಕತ್ತದರಿ."

 "ಕೊಳೆತದ್ದು ಕೊಯ್ದು ಒಗಿ. ಹಸಿರಿದ್ದದ್ದು ವಾರ ಒಣಗಿಸು. ನಿನಗ ಗೊತ್ತದಲಾ," ಎಂದರು. ಕೀಲಿಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಶಾಂತಮ್ಮನಿಂದ ಕೀಲಿ ಇಸಿದುಕೊಂಡು, ಕೊಯ್ದ ಹಸಿರು ತುದಿಯನ್ನು ಪತ್ರಿಕೆಯಲ್ಲಿ ಸುತ್ತಿ ಆಪಾ ಅವರ ಗೂಡಿನಲ್ಲಿಟ್ಟು, ಬಾಗಿಲು ಎಳೆದು, ಕೀಲಿಯನ್ನು ಮತ್ತೆ ಶಾಂತಮ್ಮನ ಕೈಗೇ ಕೊಟ್ಟು ಬಂದೆ.

ಒಂದೇ ಒಂದು ಉಳಿದಿದೆ. ಆ ಕೆಂಪು — ಆಪಾ ಅವರ ಅಮ್ಮಿ ಮಾವಿನ ಕವಲಿನಲ್ಲಿ ಬೆಳೆಸಿದ ಆ ಹೂವಿನ ಕೆಂಪು — ಎಂಥದಿತ್ತು? ನಾನು ಕಂಡಿಲ್ಲ. ಈ ಊರಲ್ಲಿ ಆಪಾ ಬಿಟ್ಟು ಯಾರೂ ಕಂಡಿಲ್ಲ, ಇನ್ನು ಕಾಣುವುದೂ ಇಲ್ಲ. ನನಗೆ ಹೇಳಬಲ್ಲವರು ಆಪಾ ಒಬ್ಬರೇ. ಇಷ್ಟು ದಿನ ಕೇಳಲು ನನಗೆ ಮುಖವಿರಲಿಲ್ಲ, ಈಗಲೂ ಇಲ್ಲ. ಆದರೂ ಬರುವ ವಾರ ಅವರು ಬೀದರಿನಿಂದ ಬಂದ ಮೇಲೆ, ಗೋಡೆ ಬಳಸಿ ಹೋಗಿ, ಕಟ್ಟೆಯ ಮೇಲೆ ಕೂತು ಕೇಳುತ್ತೇನೆ. ಅವರು ಎಷ್ಟು ಹೊತ್ತು ಹೇಳಿದರೂ, ಅಡ್ಡ ಬಾಯಿ ಹಾಕದೆ ಕೇಳಿಸಿಕೊಳ್ಳುತ್ತೇನೆ.